ಹಣೆಯ ಮೇಲಿನ ಬಿಳಿ

ಲಂಡನ್ ಅಂಚಿನ ಪಿನ್ನರ್‌ನ ನಮ್ಮ ಮನೆಯಲ್ಲಿ ಮಹಡಿಯ ಮೇಲಿನ ಚಿಕ್ಕ ಕೋಣೆ ಅತ್ತೆಯವರದು. ಅಲ್ಲಿ ಬಟ್ಟೆ ಇಡುವ ಡ್ರಾಯರ್‌ಗಳ ಮೇಲೆ ವೆಂಕಟೇಶ, ವಿಠ್ಠಲ, ಬನಶಂಕರಿಯ ಫೋಟೋಗಳು ಸಾಲಾಗಿವೆ. ಕೆಲವು ವರ್ಷ ಆ ಸಾಲಿನಲ್ಲಿ ಮೇರಿ ಮತ್ತು ಬಾಲ ಏಸುವಿನ ಒಂದು ಚಿತ್ರವೂ ಇತ್ತು. ಬಟ್ಟೆಯ ಮೇಲೆ ಬರೆದದ್ದಲ್ಲ, ಮರದ ಹಲಗೆಯ ಮೇಲೆ. ಎದೆಗವಚಿ ಹಿಡಿಯಬಹುದಾದಷ್ಟು ದೊಡ್ಡದು, ಎತ್ತಿದರೆ ಮಾತ್ರ ಗೊತ್ತಾಗುವಂಥ ಭಾರ. ನೀಲಿ ಸೆರಗು ಹೊದ್ದ ತಾಯಿ ಮಗುವಿನ ಪಾದವನ್ನು ಅಂಗೈಯಲ್ಲಿ ಹಿಡಿದು ಕೆಳಗೆ ನೋಡುತ್ತಿದ್ದಾಳೆ. ಅತ್ತೆಯವರು ಅದನ್ನು ಬರೀ ‘ತಾಯಿ’ ಅನ್ನುತ್ತಿದ್ದರು.

ಚಿತ್ರ ನಮ್ಮದಲ್ಲ, ಪಕ್ಕದ ಮನೆಯವರದು. ಆ ಮನೆಯಲ್ಲಿ ಇಂಗ್ಲಿಷ್ ದಂಪತಿ ಇದ್ದರು. ಗಂಡ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು, ಹೆಂಡತಿ ಅದೇ ಶಾಲೆಯಲ್ಲಿ ಡ್ರಾಯಿಂಗ್ ಟೀಚರ್. ಗಣಿತದವರನ್ನು ಅತ್ತೆಯವರು ‘ಮಾಸ್ತರು’ ಅಂತ ಕರೆಯುತ್ತಿದ್ದರು, ನಾವೂ ಹಾಗೇ ರೂಢಿ ಮಾಡಿಕೊಂಡೆವು. ಬೇಲಿಯ ಆಚೆಯಿಂದ ಮಾಸ್ತರು ರೂಬಾರ್ಬ್ ಎಂಬ ಹುಳಿ ದಂಟಿನ ಕಂತೆ ಕೊಡುವರು, ಅತ್ತೆಯವರು ಅದನ್ನು ಪುಂಡಿಪಲ್ಯೆಯ ಹಾಗೆ ಬೇಳೆಯಲ್ಲಿ ಬೇಯಿಸಿ ಒಂದು ಡಬ್ಬಿ ಅವರಿಗೆ ವಾಪಸು ಕೊಡುವರು. ಇವರಿಗೆ ಇಂಗ್ಲಿಷ್ ಬಾರದು, ಅವರಿಗೆ ಕನ್ನಡ ಬಾರದು. ಅದರಿಂದ ಇಬ್ಬರ ಮಾತಿಗೂ ಕೊರತೆಯಾದದ್ದನ್ನು ನಾನು ನೋಡಲಿಲ್ಲ.

ಹೆಂಡತಿ ಇದ್ದಾಗ ಆ ಚಿತ್ರ ಅವರ ಅಡುಗೆಮನೆಯಲ್ಲಿ ಬಾಯ್ಲರ್ ಪಕ್ಕ ತೂಗುತ್ತಿತ್ತು. ನಾನು ಹೋದಾಗಲೆಲ್ಲ ಆಕೆ ನನ್ನನ್ನು ಅದರ ಹತ್ತಿರ ನಿಲ್ಲಿಸಿ ಮಗುವಿನ ಪಾದ ತೋರಿಸುತ್ತಿದ್ದರು. ಹಿಮ್ಮಡಿಯ ಪಕ್ಕದಲ್ಲಿ, ಬಣ್ಣದ ಒಳಗಿನಿಂದ, ಇನ್ನೊಂದು ಹಿಮ್ಮಡಿಯ ನೆರಳಿನಂಥ ಗೆರೆ ಇತ್ತು. ಚಿತ್ರಕಾರ ಪಾದವನ್ನು ಮೊದಲು ಅಲ್ಲಿ ಬರೆದು, ಆಮೇಲೆ ಈಚೆ ಸರಿಸಿದ್ದಾನೆ, ನಕಲು ಮಾಡುವವನು ಹೀಗೆ ಮನಸ್ಸು ಬದಲಾಯಿಸುತ್ತಾನೆಯೇ, ಎಂದು ಕೇಳುವರು. ಹರೆಯದಲ್ಲಿ ಯಾವುದೋ ಹಳೆಯ ಮನೆಯ ಸಾಮಾನು ಹರಾಜಿನಲ್ಲಿ ಕೊಂಡದ್ದಂತೆ. ಇಟಲಿಯ ಫ್ಲಾರೆನ್ಸ್ ಊರಿನ ಒಬ್ಬ ಮಹಾ ಚಿತ್ರಕಾರ ಬರೆದು, ನೂರಾರು ವರ್ಷಗಳ ಹಿಂದೆ ಕಾಣೆಯಾದ ತಾಯಿ-ಮಗುವಿನ ಚಿತ್ರ ಇದೇ ಎಂದು ಆಕೆಯ ನಂಬಿಕೆ. ಒಮ್ಮೆ ಒಬ್ಬ ತಜ್ಞರ ಹತ್ತಿರ ಒಯ್ದಿದ್ದರು. ಅವರು ಬಾಗಿಲಲ್ಲೇ, ಸುತ್ತಿದ ಬಟ್ಟೆ ಪೂರ್ತಿ ಬಿಚ್ಚುವ ಮೊದಲೇ, ಇದು ಬಹಳ ಈಚಿನ ನಕಲು, ಚೆನ್ನಾಗಿದೆ, ಮನೆಯಲ್ಲಿ ಹಾಕಿಕೊಳ್ಳಿ ಎಂದು ಕಳಿಸಿದರಂತೆ. ಅಂದು ಸಂಜೆ ಮಾಸ್ತರು, ಇನ್ನು ಸಾಕು, ಯಾರಿಗೂ ತೋರಿಸಬೇಡ, ಎಂದರು. ಚಿತ್ರ ಮುಂದಿನ ಕೋಣೆಯಿಂದ ಅಡುಗೆಮನೆಗೆ ಬಂತು.

ಆಕೆ ತೀರಿಕೊಂಡ ಮೇಲೆ ಮಾಸ್ತರಿಗೆ ಒಬ್ಬರೇ ಇರುವುದು ಆಗಲಿಲ್ಲ. ವಯಸ್ಸಾದವರನ್ನು ನೋಡಿಕೊಳ್ಳುವ ಕೇರ್ ಹೋಮಿಗೆ ಹೋಗುವ ಮುಂಚಿನ ದಿನ ಚಿತ್ರವನ್ನು ಸ್ನಾನದ ಟವೆಲಿನಲ್ಲಿ ಸುತ್ತಿ ತಂದು ಅತ್ತೆಯವರ ಕೈಗೆ ಕೊಟ್ಟರು. ಅಲ್ಲಿನ ಕೋಣೆ ಸಣ್ಣದು, ಹೀಟರ್ ಜಾಸ್ತಿ, ನೀವು ಈಕೆಯನ್ನು ನೋಡಿಕೊಳ್ಳಿ ಎಂದರು. ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಅತ್ತೆಯವರು ತಲೆಯಾಡಿಸಿದರು. ನೋಡಿಕೊಳ್ಳುವುದು ಎಂದರೆ ಅವರ ಲೆಕ್ಕದಲ್ಲಿ ಏನೆಂದು ಆಗ ನಾನು ಯೋಚಿಸಲಿಲ್ಲ. ಹೂ ಏರಿಸುವುದು, ಸಕ್ಕರೆ ನೈವೇದ್ಯ, ಒಮ್ಮೆ ಸ್ಮೋಕ್ ಅಲಾರ್ಮ್ ಬಡಿದುಕೊಂಡ ಮೇಲೆ ತಂದ ಬ್ಯಾಟರಿ ದೀಪ, ಇಷ್ಟು ನನಗೆ ಗೊತ್ತಿತ್ತು. ಉಳಿದದ್ದು ಶುಕ್ರವಾರ ಬೆಳಿಗ್ಗೆ, ನಾನು ಜಿಪಿ ಸರ್ಜರಿ ಎಂಬ ಇಲ್ಲಿನ ಡಾಕ್ಟರ ಕ್ಲಿನಿಕ್ಕಿನ ರಿಸೆಪ್ಷನ್ ಕೆಲಸಕ್ಕೆ ಹೋದ ಮೇಲೆ ನಡೆಯುತ್ತಿತ್ತು.

ಕಳೆದ ಚಳಿಗಾಲದಲ್ಲಿ ಮಾಸ್ತರ ಹೃದಯ ಸೋಲತೊಡಗಿತು. ಕಾಲು ಬಾತು, ಮಾತು ಎರಡೆರಡು ಶಬ್ದಕ್ಕೆ ನಿಂತು ಬರುತ್ತಿತ್ತು. ನಾನು ಹೋದಾಗ ಅವರ ಮಂಚದ ಪಕ್ಕದ ಮೇಜಿನ ಮೇಲೆ ಕನ್ನಡಕ, ನೀರಿನ ಲೋಟ, ರೇಡಿಯೋ ಇದ್ದವು. ಹೆಂಡತಿಯ ಫೋಟೋ ಕಾಣಲಿಲ್ಲ. ತಂದಿಲ್ಲವೇ ಎಂದು ಕೇಳಿದೆ. ಡ್ರಾಯರಿನಲ್ಲಿದೆ, ಎಂದರು. ಹೊರಗಿಡಲೇ ಎಂದರೆ ಬೇಡವೆಂದು ಕೈಯಾಡಿಸಿದರು.

“ಅವಳಿಗೆ ಕೊಡಲು ನನ್ನ ಹತ್ತಿರ ಉತ್ತರವಿಲ್ಲ,” ಅಂದರು. “ಆ ಚಿತ್ರವನ್ನು ಇನ್ನೊಮ್ಮೆ ಯಾರಿಗಾದರೂ ತೋರಿಸುತ್ತೀಯಾ? ಅವಳು ಹೇಳಿದ್ದು ಸರಿಯೋ ತಪ್ಪೋ, ನಾನು ಹೋಗುವ ಮೊದಲು ಗೊತ್ತಾಗಬೇಕು.”

ಯಾರನ್ನು ಕೇಳಬೇಕೆಂದೂ ಹೇಳಿದರು. ಹೆಂಡತಿಯ ಹಳೆಯ ವಿದ್ಯಾರ್ಥಿನಿಯೊಬ್ಬರು ಈಗ ಹಳೆಯ ಚಿತ್ರಗಳನ್ನು ಯಂತ್ರಗಳಿಂದ ಪರೀಕ್ಷಿಸುವ ಕೆಲಸದಲ್ಲಿದ್ದರು. ನಾನು ಫೋನ್ ಮಾಡಿದಾಗ ಆಕೆ, ಆ ಪಾದದ ಚಿತ್ರವೇ, ಎಂದು ಕೇಳಿದರು.

ಕಳಿಸುವ ದಿನ ಮನೆಯಲ್ಲಿ ಒಂದು ಗಲಾಟೆ. ಹೆಣ್ಣುಮಗಳನ್ನು ಬರಿ ಉಡಿಯಲ್ಲಿ ಮನೆಯಿಂದ ಕಳಿಸಬಾರದೆಂದು ಅತ್ತೆಯವರ ಹಟ. ಮಾವನವರು ಹೋದ ಮೇಲೆ ಅವರು ತಾವು ಉಡಿ ತುಂಬುವುದಿಲ್ಲ, ಹಾಗಾಗಿ ನನ್ನ ಕೈಯಿಂದ ತುಂಬಿಸಿದರು. ತೆಂಗಿನಕಾಯಿ ಹಲಗೆಗೆ ತಾಗೀತೆಂದು ನನ್ನ ಗಂಡ ಅದನ್ನು ತೆಗೆಸಿದರು. ಅವರು ಆಸ್ಪತ್ರೆಯಲ್ಲಿ ಎಕ್ಸ್-ರೇ ವಿಭಾಗದ ಡಾಕ್ಟರು. “ಈ ತಾಯಿಗೆ ನಮ್ಮ ಪೇಷಂಟ್‌ಗಳಿಗಿಂತ ಲಗೂನ ಅಪಾಯಿಂಟ್‌ಮೆಂಟ್ ಸಿಕ್ಕದ,” ಎಂದು ನಕ್ಕು ಕಾರು ತೆಗೆದರು. ಅತ್ತೆಯವರು ತಮ್ಮ ಹಳೆಯ ಮೆತ್ತನೆಯ ಸೀರೆಯಲ್ಲಿ ಚಿತ್ರವನ್ನು ತಾವೇ ಸುತ್ತಿ ತಂದರು. ಮುಖಾ ಒರಸೇನಿ, ಎಂದರು. ಧೂಳು ಒರೆಸಿದ್ದಾರೆ ಎಂದುಕೊಂಡೆ.

ಆ ಹಳೆಯ ವಿದ್ಯಾರ್ಥಿನಿಯ ಪ್ರಯೋಗಾಲಯ ಲಂಡನ್ ಬ್ರಿಜ್ ಹತ್ತಿರ, ರೈಲು ಹಳಿಯ ಕಮಾನಿನ ಕೆಳಗೆ. ಮೇಲೆ ರೈಲು ಹೋದಾಗ ಚಹಾದ ಕಪ್ ತಟ್ಟೆಯಲ್ಲಿ ಸಣ್ಣಗೆ ನಡುಗುತ್ತಿತ್ತು. ಸೀರೆ ಬಿಚ್ಚಿದಾಗ ಅಕ್ಕಿಕಾಳು ಮೇಜಿನ ಮೇಲೆ ಉದುರಿದವು. ನಾನು ನಾಚಿ ಕಾರಣ ಹೇಳಿದೆ. ಆಕೆ ನಗಲಿಲ್ಲ, ಕಾಳುಗಳನ್ನು ಚಿಮಟದಿಂದ ಆರಿಸಿ ಒಂದು ಬಟ್ಟಲಿಗೆ ಹಾಕಿದರು.

ಮೊದಲ ದಿನದ ಸುದ್ದಿಯೆಲ್ಲ ಒಳ್ಳೆಯದೇ. ಹಲಗೆ ಇಟಲಿಯ ಕಡೆ ಆ ಕಾಲದಲ್ಲಿ ಬಳಸುತ್ತಿದ್ದ ಜಾತಿಯ ಮರ, ಹುಳು ಕೊರೆದ ತೂತುಗಳು ನಿಜವಾದವು. ನೀಲಿ ಸೆರಗಿನಲ್ಲಿ ತಾಮ್ರವಿರುವ ಕಲ್ಲಿನ ಪುಡಿ, ಅದೂ ಹಳೆಯ ರೂಢಿಯೇ. ಬಣ್ಣದ ಕೆಳಗಿನ ಗೆರೆಗಳನ್ನು ಕಾಣಿಸುವ ಇನ್‌ಫ್ರಾರೆಡ್ ಕ್ಯಾಮೆರಾ ಇಟ್ಟಾಗ ಸೆರಗು ಮಾಯವಾಗಿ ಪರದೆಯ ಮೇಲೆ ಕರಿ ಗೆರೆಗಳು ಎದ್ದವು. ಮಗುವಿನ ಪಾದ ಬರೀ ಒಂದು ಕಡೆ ಅಲ್ಲ, ಎರಡು ಕಡೆ ಇತ್ತು. ಒಂದು ಗಟ್ಟಿಯಾಗಿ, ಇನ್ನೊಂದು ಬರೆದು ಬಿಟ್ಟದ್ದು. ಅದರ ಜೊತೆಗೆ ತಾಯಿಯ ಬೆರಳುಗಳೂ ಸರಿದಿದ್ದವು. ಆಕೆ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಟೀಚರ್, ಎಂದರು. ನನಗೆ ಹೇಳಿದ್ದಲ್ಲ ಅದು.

ಆದರೂ ಎಚ್ಚರಿಸಿದರು. ಯಂತ್ರಗಳು ಹಲಗೆ ಹಳೆಯದು, ಬಣ್ಣ ಹಳೆಯದು ಎನ್ನುತ್ತವೆ, ಕೈ ಯಾರದು ಎನ್ನುವುದಿಲ್ಲ. ಅದಕ್ಕೆ ಕಣ್ಣು ಬೇಕು. ಆ ಮಹಾ ಚಿತ್ರಕಾರನ ಕೆಲಸವನ್ನೆಲ್ಲ ಊರೂರು ತಿರುಗಿ ನೋಡಿ ವಯಸ್ಸಾದ ಒಬ್ಬ ತಜ್ಞರಿದ್ದಾರೆ, ಅವರು ಹೌದೆಂದರೆ ಉಳಿದವರು ಕಿವಿಗೊಡುತ್ತಾರೆ. ವಾರದ ಕೊನೆಗೆ ವಿದೇಶಕ್ಕೆ ಹೋಗುವವರಿದ್ದಾರೆ, ಅಷ್ಟರಲ್ಲಿ ಒಮ್ಮೆ ಬರಲು ಒಪ್ಪಿದ್ದಾರೆ ಎಂದರು. ನಾನು ಮನೆಗೆ ಬಂದು ಹೇಳಿದಾಗ ಅತ್ತೆಯವರು, “ಮಷೀನಿನಾಕಿ ಹೌದು ಅಂದ್ಲು. ಇನ್ನ ಕಣ್ಣಿನಾಂವ ಏನಂತಾನ ನೋಡೋಣು,” ಎಂದರು. ಅಂದಿನಿಂದ ನಮ್ಮ ಮನೆಯಲ್ಲಿ ಅವರಿಬ್ಬರಿಗೆ ಅವೇ ಹೆಸರು.

ಆ ತಜ್ಞರು ಬಂದ ದಿನ ನಾನು ಸರ್ಜರಿಯಲ್ಲಿ ರಜೆ ಕೇಳಿ ಹೋಗಿದ್ದೆ. ತೆಳ್ಳಗೆ, ಎತ್ತರ, ಮೊಣಕೈ ಸವೆದ ಕೋಟು. ಲೈಟು ಆರಿಸಿ ಕಿಟಕಿಯ ಬೆಳಕಿಗೆ ಚಿತ್ರ ತಿರುಗಿಸಿ ಕೊಡಿ ಎಂದರು. ಹಲಗೆಯ ಹಿಂಭಾಗ ನೋಡಿದರು. ಸೆರಗಿನ ಅಂಚು, ಮಗುವಿನ ಕಿವಿ, ತಾಯಿಯ ಹೆಬ್ಬೆರಳು ನೋಡಿದರು. ಹೆಬ್ಬೆರಳಿಗೆ ಇನ್ನೊಮ್ಮೆ ಮರಳಿ ಬಂದರು. ಯಂತ್ರದ ಫಲಿತಾಂಶ ಕೇಳಲೂ ಇಲ್ಲ. ಕಮಾನಿನ ಮೇಲೆ ರೈಲುಗಳು ಹೋದವು, ಬಂದವು. ನನ್ನ ಕೈಯಲ್ಲಿದ್ದ ಚಹಾ ಆರಿಹೋಗಿ ಕೆನೆ ಕಟ್ಟಿತು.

ಆಮೇಲೆ ಅವರು ತಾಯಿಯ ಮುಖ ನೋಡಿದರು, ಬಹಳ ಹೊತ್ತು. ಪಕ್ಕಕ್ಕೆ ಸರಿದು ಓರೆಯಾಗಿ ನೋಡಿದರು. ಹುಬ್ಬುಗಳ ನಡುವೆ ಬೆಳಕು ಸರಿಯಾಗಿ ಕೂರುತ್ತಿಲ್ಲ, ಎಂದರು. ಮೇಲಿನ ವಾರ್ನಿಶ್ ಎಲ್ಲ ಕಡೆ ಹೊಳೆಯುತ್ತಿದೆ, ಅಲ್ಲಿ ಮಾತ್ರ ಮಸುಕು.

ಆಕೆ ಹೇರ್ ಡ್ರೈಯರ್‌ನಂಥ ಒಂದು ಯಂತ್ರ ತಂದು ಹಣೆಯ ಹತ್ತಿರ ಹಿಡಿದರು. ಯಾವ ಜಾಗದಲ್ಲಿ ಯಾವ ಲೋಹವಿದೆಯೆಂದು ಅದು ಹೇಳುತ್ತದೆ. ಪರದೆಯಲ್ಲಿ ಸೀಸದ ಗೆರೆ ಎತ್ತರಕ್ಕೆ ಎದ್ದಿತು. ಅದು ಹಳೆಯ ಬಿಳಿ ಬಣ್ಣದ್ದು, ಇರಬೇಕಾದದ್ದೇ. ಅದರಾಚೆ ಇನ್ನೊಂದು ಸಣ್ಣ ಗೆರೆ. ಆಕೆ ಗದ್ದಕ್ಕೆ ಹಿಡಿದರು, ಆ ಗೆರೆ ಇಲ್ಲ. ಕೆನ್ನೆಗೆ ಹಿಡಿದರು, ಇಲ್ಲ. ಮತ್ತೆ ಹಣೆಗೆ ಹಿಡಿದರು, ಇದೆ. ತಮ್ಮ ಟೀಚರ್ ಅವರ ಚಿತ್ರ, ಸುಮ್ಮನಿರಬಹುದಿತ್ತು. ಆದರೆ ಆಕೆ ಪರದೆಯನ್ನು ತಾವಾಗಿಯೇ ತಜ್ಞರ ಕಡೆ ತಿರುಗಿಸಿದರು.

“ಟೈಟಾನಿಯಮ್,” ಎಂದರು.

ಅದರಿಂದ ಮಾಡಿದ ಬಿಳಿ ಈಗ ಗೋಡೆಯ ಪೇಂಟಿನಲ್ಲೂ ಇರುತ್ತದೆ, ಆದರೆ ಚಿತ್ರದ ಬಣ್ಣವಾಗಿ ಅದು ಬಂದು ಸುಮಾರು ನೂರು ವರ್ಷವಾಗಿದೆ ಅಷ್ಟೆ ಎಂದು ನನಗೆ ಬಿಡಿಸಿ ಹೇಳಿದರು. ಹಳೆಯ ಕಾಲದವರ ಕೈಗೆ ಅದು ಸಿಗುವ ಸಾಧ್ಯತೆಯೇ ಇಲ್ಲ.

ತಜ್ಞರು ಸಿಟ್ಟಾಗಲಿಲ್ಲ. ಕೋಟು ಹಾಕಿಕೊಂಡರು. ಮುಖದ ಮೇಲೆಯೇ ಇತ್ತೀಚಿನ ಕೈ ಇದೆಯೆಂದರೆ ಉಳಿದದ್ದರ ಮೇಲೆ ಎಷ್ಟಿದೆಯೆಂದು ತಾವು ಹೇಗೆ ತಿಳಿಯಬೇಕು, ಎಂದು ಮೆಲ್ಲಗೆ ಕೇಳಿದರು. ಆ ಬಿಳಿ ಎಲ್ಲಿಂದ ಬಂತೆಂದು ಗೊತ್ತಾದರೆ ಹೊರಡುವ ಮೊದಲು ಇನ್ನೊಮ್ಮೆ ಬರುವುದಾಗಿ ಹೇಳಿದರು. ಗೊತ್ತಾಗದಿದ್ದರೆ ತಮಗೆ ಹೇಳುವುದೇನೂ ಇಲ್ಲ. ಆ ಜನ ಹೇಳುವುದೇನೂ ಇಲ್ಲ ಎಂದರೆ ಅಲ್ಲ ಎಂದೇ ಅರ್ಥವಂತೆ.

ಬಾಗಿಲು ಹಾಕಿದ ಮೇಲೆ ನಾವಿಬ್ಬರೂ ಕೂತೆವು. ಚಿತ್ರವನ್ನು ಯಾರಾದರೂ ರಿಪೇರಿಗೆ ಕೊಟ್ಟಿದ್ದರೇ ಎಂದು ಆಕೆ ಕೇಳಿದರು. ನನಗೆ ತಿಳಿದಂತೆ ಇಲ್ಲ. ಇಬ್ಬರ ತಲೆಯಲ್ಲೂ ಒಂದೇ ಮಾತು ಓಡುತ್ತಿತ್ತೆಂದು ನನಗೆ ಗೊತ್ತಿತ್ತು. ಆ ಮನೆಯಲ್ಲಿ ಕುಂಚ, ಬಣ್ಣ ಕೈಯಳತೆಯಲ್ಲಿ ಇಟ್ಟುಕೊಂಡವರು ಒಬ್ಬರೇ. ಎಲ್ಲೋ ಬಣ್ಣ ಉದುರಿತೆಂದು, ಅಥವಾ ಮುಖ ಇನ್ನಷ್ಟು ಚೆನ್ನಾಗಿ ಕಾಣಲೆಂದು, ಡ್ರಾಯಿಂಗ್ ಟೀಚರ್ ತಾವೇ ಕೈಯಾಡಿಸಿದ್ದರೆ? ಹೋಗಿ ಮಾಸ್ತರಿಗೆ ನಾನು ಹೇಳಬೇಕಾದ ಉತ್ತರ ಅದೇ ಆಗುತ್ತಿತ್ತು. ನಿಮ್ಮ ಹೆಂಡತಿ ತಪ್ಪು ತಿಳಿದಿದ್ದರು ಎನ್ನುವುದಕ್ಕಿಂತ ಕೆಟ್ಟದ್ದು.

ಅಂದು ಸಂಜೆ ಕೇರ್ ಹೋಮಿನಿಂದ ನರ್ಸ್ ಫೋನ್ ಮಾಡಿದರು. ಮಾಸ್ತರು ಊಟ ಬಿಟ್ಟಿದ್ದಾರೆ, ಆಗಾಗ ಎಚ್ಚರವಾಗಿ, ಪಕ್ಕದ ಮನೆಯವರು ಬಂದರೇ ಎಂದು ಕೇಳುತ್ತಾರೆ. ನಾಳೆ ಬರುತ್ತೇನೆ ಎನ್ನಲು ನನಗೆ ಧೈರ್ಯವಾಗಲಿಲ್ಲ. ಇನ್ನೂ ಪರೀಕ್ಷೆ ನಡೆಯುತ್ತಿದೆಯೆಂದು ಹೇಳಿರಿ, ಎಂದೆ.

ಅತ್ತೆಯವರು ಅಡುಗೆಮನೆಯ ಮೇಜಿನ ಹತ್ತಿರ ಮೆಂತ್ಯದ ಸೊಪ್ಪು ಬಿಡಿಸುತ್ತ ಕೂತಿದ್ದರು. ನಾನು ನಡೆದದ್ದೆಲ್ಲ ಹೇಳಿದೆ. ಹಣೆ ಎಂದಾಗ ಅವರ ಬೆರಳು ನಿಂತಿತು. ಹಣೆಯ ಯಾವ ಕಡೆ ಎಂದು ಕೇಳಿದರು. ನಟ್ಟನಡುವೆ ಎಂದೆ. ಸೊಪ್ಪನ್ನು ಹಾಗೇ ಬಿಟ್ಟು ಎದ್ದು ಮೇಲೆ ಹೋದರು. ಊಟಕ್ಕೆ ಕರೆದರೆ ಹಸಿವಿಲ್ಲ ಅಂದರು. ಮಾಸ್ತರ ಚಿಂತೆ ಇರಬೇಕೆಂದು ನನ್ನ ಗಂಡ ಅಂದರು. ನಾನೂ ಹಾಗೇ ತಿಳಿದೆ.

ಬೆಳಿಗ್ಗೆ ಚಹಾ ಒಯ್ದಾಗ ಅವರು ಸ್ನಾನ ಮುಗಿಸಿ ಮಂಚದ ಅಂಚಿಗೆ ಕೂತಿದ್ದರು. ಡ್ರಾಯರ್ ಮೇಲೆ ಚಿತ್ರವಿದ್ದ ಜಾಗ ಖಾಲಿ. ತೊಡೆಯ ಮೇಲೆ ನನ್ನ ಕ್ರೀಮಿನ ಡಬ್ಬಿ ಇತ್ತು. ಕೆನ್ನೆಯ ಮೇಲೆ ಬಂಗು ಬಂದಿದೆಯೆಂದು ಡಾಕ್ಟರು ನನಗೆ ಹಚ್ಚಿಕೊಳ್ಳಲು ಹೇಳಿದ್ದ, ಬಿಸಿಲು ತಡೆಯುವ ಬಿಳಿ ಕ್ರೀಮು. ಅದು ಬೇಗ ಬೇಗ ಮುಗಿಯುತ್ತದೆಂದು ನಾನು ಎಷ್ಟೋ ಸಲ ಗೊಣಗಿದ್ದೆ.

“ಹುಡುಗಿ, ಇದರಾಗ ಏನ ಇರತದ?” ಎಂದರು. ಐವತ್ತು ದಾಟಿದರೂ ನಾನು ಅವರಿಗೆ ಹುಡುಗಿಯೇ.

“ಬಿಸಲಿಗೆ ಹಚ್ಚೂದು ಅದು, ಅತ್ತ್ಯಾರ. ಯಾಕ?”

“ಬೆಳ್ಳಗ ಯಾಕ ಇರತದ ಅಂತ ಕೇಳಿದೆ.”

ನಾನು ಚಹಾದ ಲೋಟ ಕಿಟಕಿಯಲ್ಲಿಟ್ಟು ಪಕ್ಕದಲ್ಲಿ ಕೂತೆ. ಅವರು ಡಬ್ಬಿಯ ಮುಚ್ಚಳ ತೆಗೆಯುತ್ತ, ಹಾಕುತ್ತ ಹೇಳಿದರು. ಧಾರವಾಡದಲ್ಲಿ ಅವರ ಕಾಲದ ಹೆಣ್ಣುಮಕ್ಕಳು ಕುಂಕುಮವನ್ನು ಬರೀ ಹಣೆಗೆ ಇಡುತ್ತಿರಲಿಲ್ಲ. ಮೊದಲು ಮೇಣದ ಒಂದು ದುಂಡನೆಯ ಬೊಟ್ಟು, ಅದರ ಮೇಲೆ ಕುಂಕುಮ. ಆಗ ಅದು ಸಂಜೆಯವರೆಗೆ ಕೂರುತ್ತದೆ. ಮಾವನವರು ಹೋದ ಮೇಲೆ ಅವರು ತಮ್ಮ ಹಣೆಗೆ ಇಟ್ಟಿಲ್ಲ. ದೇವಿಗೆ ಮಾತ್ರ ಇಡುತ್ತಾರೆ. ಬನಶಂಕರಿಯ ಫೋಟೋಗೆ ಗಾಜು ಇದೆ, ನೀರಿನಲ್ಲಿ ಕಲಸಿ ಇಟ್ಟರೆ ಕುಂಕುಮ ಅಂಟುತ್ತದೆ. ಈ ತಾಯಿಯ ಹಣೆ ವಾರ್ನಿಶಿನದು, ಒಣಗಿದ ಕೂಡಲೇ ಉದುರಿಬಿಡುತ್ತಿತ್ತು.

“ಮೇಣ ಎಲ್ಲಿಂದ ತರಲಿ ಈ ಊರಾಗ? ನಿನ್ನ ಕ್ರೀಮ ನೋಡಿದೆ. ಒಣಗಿದರ ಮೇಣದಂಗನ ಹಿಡಿತದ. ಶುಕ್ರಾರಕ್ಕೊಮ್ಮೆ ಒದ್ದಿ ಅರಬಿಲೆ ಮುಖಾ ಒರಸಿ, ಒಂದ ಚೂರ ಇದನ್ನ ಇಟ್ಟು, ಮ್ಯಾಲ ಕುಂಕುಮ. ನೀವು ಒಯ್ಯೋ ದಿನ ಎಲ್ಲಾ ಒರಸೇನಿ ನಾ. ಕೆಂಪು ಒಂದ ಚೂರೂ ಉಳದಿದ್ದಿಲ್ಲ.”

ಡಬ್ಬಿಯ ಮೇಲಿನ ಪಟ್ಟಿಯಲ್ಲಿ ಟೈಟಾನಿಯಮ್ ಎಂದು ಬರೆದಿತ್ತು. ಕೆಂಪು ಹೋಗಿತ್ತು, ನಿಜ. ಬಿಳಿ ಕೂದಲೆಳೆಯಂಥ ಬಿರುಕುಗಳಲ್ಲಿ ಉಳಿದುಕೊಂಡಿತ್ತು.

“ಮಾಸ್ತರ ಹೇಣ್ತಿ ಮ್ಯಾಲ ಅಪವಾದ ಬರತದೇನ?” ಎಂದು ಕೇಳಿದರು. ನಾನು ಅನುಮಾನದ ಮಾತು ಅವರಿಗೆ ಹೇಳಿರಲೇ ಇಲ್ಲ. ರಾತ್ರಿಯೆಲ್ಲ ಕೂತು ಅಲ್ಲಿಯವರೆಗೆ ತಾವೇ ನಡೆದುಹೋಗಿದ್ದರು.

ನಾನು ಪ್ರಯೋಗಾಲಯಕ್ಕೆ ಫೋನ್ ಮಾಡಿ ಹೇಳಿದೆ. ಕೇಳಿದರೆ ಸಾಲದು, ತೋರಿಸಬೇಕು, ಎಂದರು ಆಕೆ. ಡಬ್ಬಿ, ಕುಂಕುಮ, ಒರೆಸಿದ ಬಟ್ಟೆ ಎಲ್ಲ ತನ್ನಿ, ಸಾಧ್ಯವಾದರೆ ಅವರನ್ನೂ ಕರೆತನ್ನಿ. ತಜ್ಞರು ಮರುದಿನ ಹೊರಡುವವರಿದ್ದರು. ನನ್ನ ಗಂಡ ಡ್ಯೂಟಿಯಲ್ಲಿದ್ದರು. ಅತ್ತೆಯವರು ಇಲಕಲ್ ಸೀರೆಯ ಮೇಲೆ ಕೋಟು, ಉಣ್ಣೆಯ ಕಾಲುಚೀಲ ಹಾಕಿ ಹೊರಟರು. ಮೆಟ್ರೋಪಾಲಿಟನ್ ಲೈನಿನ ರೈಲಿನಿಂದ ಜುಬಿಲಿ ಲೈನಿಗೆ ಬದಲಾಯಿಸುವಾಗ ಎಸ್ಕಲೇಟರ್ ಕಂಡು ಯಾವಾಗಲೂ ಹಿಂಜರಿಯುವವರು ಆ ದಿನ ನನ್ನ ಕೈ ಬಿಡಿಸಿಕೊಂಡು ಮುಂದೆ ನಡೆದರು. ರೈಲಿನಲ್ಲಿ ಕೈಚೀಲವನ್ನು ಹೊಟ್ಟೆಗೆ ಒತ್ತಿ ಹಿಡಿದು, ದಾರಿಯುದ್ದಕ್ಕೂ ಒಂದೇ ಮಾತು ಕೇಳಿದರು. ಚಿತ್ರ ಕೆಟ್ಟಿದ್ದರೆ ಮಾಸ್ತರಿಗೆ ಹೇಳುವವರು ಯಾರು ಎಂದು. ನಾನೇ ಎಂದೆ. ಇಲ್ಲ, ನಾ ಹೇಳತೇನಿ, ಎಂದರು.

ಪ್ರಯೋಗಾಲಯದಲ್ಲಿ ಆಕೆ ಹಳೆಯ ವಾರ್ನಿಶ್ ಹಚ್ಚಿದ ಒಂದು ಬೇರೆ ಮರದ ತುಂಡು ಕೊಟ್ಟು, ಮನೆಯಲ್ಲಿ ಮಾಡಿದಂತೆಯೇ ಮಾಡಿ ತೋರಿಸಲು ಹೇಳಿದರು. ಅತ್ತೆಯವರು ಕೋಟು ಬಿಚ್ಚಿ, ಸೆರಗು ಹೊದ್ದು, ಉಂಗುರದ ಬೆರಳಿನಿಂದ ಕ್ರೀಮಿನ ಬೊಟ್ಟಿಟ್ಟರು. ಆರಲು ಬಿಟ್ಟರು. ಕುಂಕುಮ ಒತ್ತಿದರು. ಒದ್ದೆ ಬಟ್ಟೆಯಿಂದ ಒರೆಸಿದರು. ಯಂತ್ರ ಹಿಡಿದಾಗ ಪರದೆಯಲ್ಲಿ ಅದೇ ಜಾಗದಲ್ಲಿ ಅದೇ ಗೆರೆ ಎದ್ದಿತು. ಆಕೆ ನನ್ನ ಕಡೆ ನೋಡಿದರು. ಆದರೂ ಮುಖದಲ್ಲಿ ನಿರಾಳ ಬರಲಿಲ್ಲ. ಚಿತ್ರದ ಹಣೆಯ ಮೇಲಿನದೂ ಇದೇ ಎಂದು ಇನ್ನೂ ಗೊತ್ತಾಗಿಲ್ಲ, ತೆಗೆದು ನೋಡಿದಾಗ ಅದು ಹೋಗಬೇಕು, ಎಂದರು. ಬಣ್ಣವೇ ಆಗಿದ್ದರೆ ಹೋಗುವುದಿಲ್ಲ. ಹೋದರೂ ಅದರ ಜೊತೆ ಹಳೆಯ ಬಣ್ಣ ಎದ್ದು ಬಂದರೆ ಆಗಿಹೋಯಿತು.

ಆಕೆ ಕಡ್ಡಿಯ ತುದಿಗೆ ಹತ್ತಿ ಸುತ್ತಿದರು. ಅದನ್ನು ತುಟಿಗಳ ನಡುವೆ ಇಟ್ಟು ಒದ್ದೆ ಮಾಡಿ, ಹಣೆಯ ಮೇಲೆ ಸುತ್ತ ಸುತ್ತ ಉರುಳಿಸತೊಡಗಿದರು.

“ಅಯ್ಯ, ಎಂಜಲಾ?” ಎಂದರು ಅತ್ತೆಯವರು.

ಆಕೆ ಕೈ ತಡೆದು, ಏನೆಂದು ನನ್ನನ್ನು ಕೇಳಿದರು. ನಾನು ಹೇಳಿದೆ. ಹಳೆಯ ಚಿತ್ರ ತೊಳೆಯಲು ಬಾಯಿಯ ನೀರಿನಷ್ಟು ಮೃದುವಾದದ್ದು ಬೇರೆ ಇಲ್ಲವೆಂದು ಆಕೆ ಬಹಳ ಗೌರವದಿಂದ ವಿವರಿಸಿದರು. ನಾನು ಅದನ್ನೂ ಹೇಳಿದೆ. ಅತ್ತೆಯವರು ಒಪ್ಪಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು ಕೂತು ಬನಶಂಕರಿಯ ಹೆಸರು ಹೇಳತೊಡಗಿದರು.

ಹತ್ತಿ ಮೇಲೇಳುವಾಗಲೆಲ್ಲ ನಾನು ಅದರ ತುದಿ ನೋಡುತ್ತಿದ್ದೆ. ಮೊದಲನೆಯದು ಬೂದು. ಆಮೇಲೆ ಬಂದದ್ದು ತೆಳು ಗುಲಾಬಿ. ತಾಯಿಯ ಹಣೆಯ ಬಣ್ಣವೇ ಎದ್ದಿತೆಂದು ನಾನು ಮೇಜಿಗೆ ಬಾಗಿದೆ. ಆಕೆ ಅದನ್ನು ಭೂತಗನ್ನಡಿಯ ಕೆಳಗೆ ಹಿಡಿದು, ಅಲ್ಲ, ಇದು ನಿಮ್ಮ ಕುಂಕುಮ, ಎಂದರು. ಮತ್ತೆ ಉರುಳಿಸಿದರು. ಗುಲಾಬಿ ತೆಳುವಾಯಿತು, ಇನ್ನೂ ತೆಳುವಾಯಿತು, ಹತ್ತಿ ಬೆಳ್ಳಗೇ ಬರತೊಡಗಿತು. ಯಂತ್ರ ಹಿಡಿದರು. ಸೀಸದ ಗೆರೆ ಎದ್ದಿತು. ಅದರಾಚೆ ಟೈಟಾನಿಯಮ್ ಗೆರೆ ಏಳಲೇ ಇಲ್ಲ.

ನಾನು ಅತ್ತೆಯವರ ಹೆಗಲು ಮುಟ್ಟಿದೆ. ಅವರು ತಿರುಗಿ ನೋಡಿದರು. ವಾರ್ನಿಶ್ ಅಷ್ಟು ಜಾಗದಲ್ಲಿ ಸವೆದಿತ್ತು, ಅದರ ಕೆಳಗಿನ ಹಣೆ ಹಾಗೇ ಇತ್ತು.

ತಜ್ಞರು ಮರುದಿನ ಬೆಳಿಗ್ಗೆ ಪೆಟ್ಟಿಗೆ ಸಮೇತ ಬಂದರು, ಅಲ್ಲಿಂದ ನೇರ ವಿಮಾನ ನಿಲ್ದಾಣಕ್ಕೆ ಹೋಗುವವರು. ನಾನು ಮತ್ತು ಅತ್ತೆಯವರು ಅಷ್ಟರಲ್ಲಿ ಬಂದು ಕೂತಿದ್ದೆವು. ಆಕೆ ಕ್ರೀಮಿನ ಕಥೆ ಹೇಳಿದಾಗ ಅವರು ಅತ್ತೆಯವರ ಕಡೆ ತಿರುಗಿ ಒಂದಿಷ್ಟು ತಲೆಬಾಗಿದರು. ನಕ್ಕರೋ ಇಲ್ಲವೋ ನನಗೆ ಕಾಣಲಿಲ್ಲ. ಮತ್ತೆ ಕಿಟಕಿಯ ಬೆಳಕು. ಈ ಸಲ ಅವರು ಹಣೆಯಿಂದ ಶುರು ಮಾಡಿ ಹೆಬ್ಬೆರಳಿಗೆ ಬಂದರು. ಪಾದ ಎರಡು ಕಡೆ ಇರುವ ಚಿತ್ರವನ್ನು ತಾವಾಗಿ ಕೇಳಿ ತರಿಸಿಕೊಂಡರು. ಹೊರಗೆ ಟ್ಯಾಕ್ಸಿಯವನು ಹಾರ್ನ್ ಒತ್ತಿದ.

ಹೋಗುವ ಮುಂಚೆ ಅವರು ಹೇಳಿದ್ದನ್ನು ನಾನು ಬಾಯಿಪಾಠ ಮಾಡಿಕೊಂಡೆ. ಇದು ನಕಲಲ್ಲ. ಬರೆದವನು ಬರೆಯುತ್ತಲೇ ನಿರ್ಧಾರ ಮಾಡಿದ್ದಾನೆ. ತಾಯಿಯ ಮುಖ ಮತ್ತು ಕೈ ಆ ಮಹಾ ಚಿತ್ರಕಾರನದೇ ಎಂದು ಅವರು ನಂಬುತ್ತಾರೆ, ಬರೆದೂ ಕೊಡುತ್ತಾರೆ. ಮಗುವಿನ ಬಗ್ಗೆ ಸಂಶಯವಿದೆ, ಶಿಷ್ಯ ಯಾರಾದರೂ ಇರಬಹುದು. ಸಾಬೀತುಪಡಿಸಿ ತೋರಿಸಲು ಆಗುವುದಿಲ್ಲ. ಬೇರೆಯವರು ಜಗಳವಾಡುತ್ತಾರೆ, ಆಡಲಿ.

ನಾವು ಮನೆಗೆ ಹೋಗಲಿಲ್ಲ. ಸ್ಟೇಷನ್ನಿನಿಂದ ನೇರವಾಗಿ ಕೇರ್ ಹೋಮಿಗೆ ಬಸ್ಸು ಹಿಡಿದೆವು. ಬಾಗಿಲಲ್ಲಿ ನರ್ಸ್, ಮಾಸ್ತರು ಬೆಳಗಿನಿಂದ ಕಣ್ಣು ತೆರೆದಿಲ್ಲ ಎಂದರು. ಮಂಚದ ಮೇಲೆ ಅವರು ಒಂದು ಕಡೆ ವಾಲಿದ್ದರು, ಬಾಯಿ ಸ್ವಲ್ಪ ತೆರೆದಿತ್ತು. ಉಸಿರು ಬರುತ್ತಿತ್ತು, ನಿಲ್ಲುತ್ತಿತ್ತು, ಇನ್ನು ಬಾರದೇನೋ ಎನ್ನುವಾಗ ಬರುತ್ತಿತ್ತು. ನಾನು ಹೆಸರು ಹಿಡಿದು ಕರೆದೆ. ಅಲುಗಾಡಲಿಲ್ಲ. ಅತ್ತೆಯವರು ನನ್ನನ್ನು ಸರಿಸಿ, ಬೇಲಿಯ ಹತ್ತಿರ ನಿಂತು ಕೂಗುತ್ತಿದ್ದಷ್ಟೇ ದೊಡ್ಡ ದನಿಯಲ್ಲಿ ಕೂಗಿದರು.

“ಮಾಸ್ತರ! ನಿಮ್ಮ ಮನಿಯಾಕಿ ಖರೇ ಹೇಳಿದ್ಲು.”

ಮಾಸ್ತರು ಕಣ್ಣು ಬಿಟ್ಟರು. ಅತ್ತೆಯವರನ್ನು ನೋಡಿ, ನನ್ನನ್ನು ಹುಡುಕಿ, ಏನು ಹೇಳುತ್ತಿದ್ದಾರೆ ಎಂದು ಕೇಳಿದರು. ನಾನು ಬಾಯಿಪಾಠ ಮಾಡಿದ್ದನ್ನು ಒಂದೂ ಬಿಡದೆ ಹೇಳಿದೆ. ನಂಬುತ್ತಾರೆ ಎಂದದ್ದು, ಮಗುವಿನ ಸಂಶಯ, ಜಗಳವಾಡುತ್ತಾರೆ ಎಂದದ್ದು, ಎಲ್ಲ. ಗಣಿತದವರು, ನಡುವೆ ತಡೆದು ಕೇಳಿದರು, ಅಂದರೆ ಸಾಬೀತಾಗಿಲ್ಲ. ಇಲ್ಲ, ಎಂದೆ. ಪಾದ? ಎಂದರು. ಸರಿದಿದೆ, ನಿಮ್ಮ ಹೆಂಡತಿ ತೋರಿಸುತ್ತಿದ್ದ ಹಾಗೆಯೇ, ಎಂದೆ.

ಅವರ ಕಣ್ಣು ಚಾವಣಿಗೆ ಹೋಯಿತು.

“ಅವಳು ಪುರಾವೆ ಕೇಳಿರಲಿಲ್ಲ,” ಎಂದರು. “ಬಾ, ನೋಡು, ಎಂದಿದ್ದಳು. ಅಷ್ಟೆ.”

ಆಮೇಲೆ ಕೈಬೆರಳು ಎತ್ತಿ ಡ್ರಾಯರ್ ತೋರಿಸಿದರು. ನಾನು ಎಳೆದೆ. ಕಾಲುಚೀಲಗಳ ಕೆಳಗೆ ಫೋಟೋ ಬೋರಲಾಗಿ ಇತ್ತು. ತೆಗೆದು ಅತ್ತೆಯವರ ಕೈಗೆ ಕೊಟ್ಟೆ. ಗಾಜಿನ ಮೇಲೆ ನೂಲು, ಧೂಳು ಕೂತಿತ್ತು. ಅವರು ಸೆರಗಿನ ತುದಿ ಹಿಡಿದು ಒರೆಸಲು ಹೋದವರು, ಬಿಸಿ ಹಂಚು ಮುಟ್ಟಿದವರಂತೆ ಕೈ ಹಿಂದೆ ತೆಗೆದು ನನ್ನ ಮುಖ ನೋಡಿದರು.

“ಒರಸಬಹುದಲಾ?” ಎಂದರು.

“ಗಾಜ ಅದ ಅತ್ತ್ಯಾರ. ಒರಸ್ರಿ.”

ಅವರು ಒರೆಸಿದರು. ಮೊದಲು ಹಣೆ, ಆಮೇಲೆ ಕೆನ್ನೆ, ಆಮೇಲೆ ಉಳಿದದ್ದು. ನೀರಿನ ಲೋಟ ಪಕ್ಕಕ್ಕೆ ಸರಿಸಿ, ಮಾಸ್ತರು ತಲೆ ಹೊರಳಿಸದೆಯೇ ಕಾಣುವ ಹಾಗೆ ಇಟ್ಟರು.